ಅತಿ ಗೋಪ್ಯವಾದ ರಜೆ ಅರ್ಜಿಗಳು

ಮನುಷ್ಯ ಸಮಾಜ ನಿಂತಿರುವುದೇ ಪರಸ್ಪರ ನಂಬಿಕೆಯ ಮೇಲೆ ಎಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರಾದರೂ ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದದ್ದನ್ನು ನಾನು ಕಂಡಿಲ್ಲ.

ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ಒಂದು ಕಂಪನಿಯಲ್ಲಿ ನಾನು ಆಡಳಿತ ವಿಭಾಗ ನೋಡಿಕೊಳ್ಳುವವನು. ಅಡಿಕೆ ಸುಲಿಯುವ ಯಂತ್ರ, ತೋಟಕ್ಕೆ ಮದ್ದು ಬಿಡುವ ಪಂಪು, ಇಂಥವನ್ನು ಮಾರುವ ಕಂಪನಿ. ಆಡಳಿತವೆಂದರೆ ಯಾರ ಕೆಲಸವೂ ಅಲ್ಲದ ಕೆಲಸಗಳಿಗೆ ಒಟ್ಟಾಗಿ ಇಟ್ಟ ಹೆಸರು. ಗೋಪ್ಯ ಕಾಗದಗಳನ್ನು ಕಾಯುವುದು ಅದರಲ್ಲೊಂದು. ಹಿಂದೆ ಅದಕ್ಕೊಂದು ಕಬ್ಬಿಣದ ಕಪಾಟು ಇತ್ತು. ಕಪಾಟಿನ ಬೀಗದ ಕೈ ನನ್ನ ಮೇಜಿನ ಖಾನೆಯಲ್ಲಿ. ಖಾನೆಯ ಬೀಗದ ಕೈ ಗಣಪತಿ ಫೋಟೋದ ಹಿಂದಿನ ಮೊಳೆಯಲ್ಲಿ. ಈ ಭದ್ರತೆಯ ವಿಷಯ ನನಗೂ ಗಣಪತಿಗೂ ಮಾತ್ರ ಗೊತ್ತು ಎಂದು ತಿಳಿದಿದ್ದೆ. ಒಮ್ಮೆ ನಾನು ಜ್ವರದಲ್ಲಿ ಮಲಗಿದ್ದಾಗ ಕಚೇರಿಯಿಂದ ಫೋನು ಬಂತು: "ಸರ್, ಗಣಪತಿಯ ಹಿಂದಿನ ಬೀಗದ ಕೈ ತಿರುಗುವುದಿಲ್ಲ. ಸ್ವಲ್ಪ ತೆಂಗಿನೆಣ್ಣೆ ಬಿಟ್ಟರೆ ಆದೀತಾ?" ಅಂದಿನಿಂದ ನಾನು ಮನುಷ್ಯರನ್ನು ಸಂಶಯದಿಂದಲೇ ನೋಡುತ್ತ ಬಂದಿದ್ದೇನೆ. ನಷ್ಟವೇನೂ ಆಗಿಲ್ಲ.

ಕಂಪನಿಯನ್ನು ಕಟ್ಟಿದವರನ್ನು ನಾವು ಧನಿಗಳು ಎನ್ನುತ್ತೇವೆ. ವಯಸ್ಸಾದ ಮೇಲೆ ಅವರು ವ್ಯವಹಾರವನ್ನು ತಂಗಿಯ ಮಗನಿಗೆ ವಹಿಸಿದರು; ಅವರು ಚಿಕ್ಕ ಧನಿಗಳು. ಕಾಗದದ ಮೇಲೆ ಇಬ್ಬರೂ ನಿರ್ದೇಶಕರು. ಅಡಿಕೆ ಸುಲಿಯುವ ಯಂತ್ರದ ವಿನ್ಯಾಸ ಮಾತ್ರ ಮೂಡುಬಿದಿರೆಯ ಒಬ್ಬ ಇಂಜಿನಿಯರರದ್ದು. ಆಗ ತಯಾರಾಗುತ್ತಿದ್ದುದೂ ಅವರ ವರ್ಕ್‌ಶಾಪಿನಲ್ಲೇ. ಅದಕ್ಕಾಗಿ ಅವರಿಗೂ ಧನಿಗಳಿಗೂ ಬಹಳ ಹಿಂದೆ ಒಂದು ದೀರ್ಘಾವಧಿಯ ಅಗ್ರಿಮೆಂಟು ಆಗಿತ್ತು. ಅದು ಬರುವ ಮಾರ್ಚಿಗೆ ಮುಗಿಯುತ್ತದೆ ಎನ್ನುವುದು ಅವರಿಬ್ಬರಿಗೆ, ಚಿಕ್ಕ ಧನಿಗಳಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದ ಸಂಗತಿ. ಹಾಗೆಂದು ನಾವು ನಾಲ್ವರೂ ನಂಬಿದ್ದೆವು.

ಒಂದು ಮದುವೆಯ ಊಟದಲ್ಲಿ ಆ ನಂಬಿಕೆ ಮುಗಿಯಿತು. ನಮ್ಮ ಎದುರಾಳಿ ಕಂಪನಿಯ ಯಜಮಾನರು ಚಿಕ್ಕ ಧನಿಗಳ ಪಕ್ಕದ ಎಲೆಗೇ ಬಂದು ಕೂತರು. ಪಾಯಸ ಬಡಿಸುವ ಹೊತ್ತಿಗೆ ಬಾಗಿ, "ನಿಮ್ಮ ಮೂಡುಬಿದಿರೆಯವರದ್ದು ಮಾರ್ಚಿಗೆ ಮುಗಿಯುತ್ತದಲ್ಲ, ಆಮೇಲೆ ನೋಡುವ" ಎಂದರು. ಯಂತ್ರವೊಂದರ ಮೇಲೆ ಇಂಜಿನಿಯರರಿಗೆ ನಾವು ಕೊಡುವ ಪಾಲು ಎಷ್ಟು ಎನ್ನುವುದನ್ನೂ ಸರಿಯಾಗಿ ಹೇಳಿದರು. ಚಿಕ್ಕ ಧನಿಗಳು ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದರು. ಕಡಲೆಬೇಳೆ ಪಾಯಸ. ನಾನು ಅಲ್ಲೇ ಇದ್ದೆ. ವಿಷಯ ಗಂಭೀರವೆಂದು ನನಗೆ ಆಗಲೇ ಗೊತ್ತಾಯಿತು.

"ಒಳಗಿನವರೇ ಯಾರೋ ಹೇಳಿದ್ದು" ಎಂದು ಮರುದಿನ ಕಚೇರಿಯಲ್ಲಿ ಚಿಕ್ಕ ಧನಿಗಳು ನಿರ್ಧರಿಸಿದರು. ಒಳಗಿನವರು ಯಾರು ಎಂದು ಹಿಡಿಯಲು ಬೆಂಗಳೂರಿನಿಂದ ಒಂದು ಸಾಫ್ಟ್‌ವೇರು ಬಂತು, ಅದರೊಂದಿಗೆ ಒಬ್ಬ ತಜ್ಞರೂ ಬಂದರು. ನಮ್ಮ ಕಚೇರಿಯ, ಶಾಖೆಗಳ ಫೈಲುಗಳೆಲ್ಲ ಬಿ.ಸಿ. ರೋಡಿನ ಸರ್ವರಿನಲ್ಲಿ ಇರುತ್ತವೆ. ಸರ್ವರೆಂದರೆ, ಹಿಂದೆ ಪಂಪಿನ ಪೈಪು ಇಡುತ್ತಿದ್ದ ಕೋಣೆಯಲ್ಲಿ ಈಗ ಏಸಿ ಹಾಕಿಸಿಕೊಂಡು ಗುಂಯ್ ಎನ್ನುತ್ತ ಇರುವ ಒಂದು ಪೆಟ್ಟಿಗೆ. ಕಚೇರಿಯಲ್ಲಿ ಏಸಿ ಇರುವುದು ಅದಕ್ಕೂ ಚಿಕ್ಕ ಧನಿಗಳಿಗೂ ಮಾತ್ರ.

ತಜ್ಞರು ವಿವರಿಸಿದರು: "ನೋಡಿ ಸರ್, ಇದು ಪ್ರತಿಯೊಂದು ಫೈಲನ್ನೂ ತಲೆಯಿಂದ ಬಾಲದವರೆಗೂ ತಾನೇ ಓದುತ್ತೆ. ಓದಿ ಬಣ್ಣ ಹಚ್ಚುತ್ತೆ. ಹಸಿರು ಅಂದ್ರೆ ಯಾರು ಬೇಕಾದ್ರೂ ನೋಡಬಹುದು. ಹಳದಿ ಆಫೀಸಿನೋರಿಗೆ. ಕೆಂಪು ಡೈರೆಕ್ಟರ್‌ಗಳಿಗೆ ಮಾತ್ರ. ಮೊದಲು ಸ್ವಲ್ಪ ದಿನ ಯಾರನ್ನೂ ತಡೆಯಲ್ಲ, ಯಾರು ಏನು ತೆಗೀತಾರೆ ಅಂತ ಸುಮ್ನೆ ನೋಡ್ತಾ ಇರುತ್ತೆ."

"ತಪ್ಪು ಓದಿದರೆ?" ಎಂದೆ.

"ಸಿಸ್ಟಮ್ ತಪ್ಪು ಮಾಡಲ್ಲ ಸರ್."

ತಪ್ಪು ಮಾಡುವುದಿಲ್ಲ ಎಂದು ಬೇರೆಯವರ ಪರವಾಗಿ ಹೇಳುವವರನ್ನು ನಾನು ನಂಬುವುದಿಲ್ಲ.

ಮುಂದಿನ ಸೋಮವಾರ ನನ್ನನ್ನು ಒಳಗೆ ಕರೆದರು. ಬಾಗಿಲು ಹಾಕಲು ಹೇಳಿದರು. ತಜ್ಞರು ಮೂಲೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿದ್ದರು.

"ಕೆಂಪು ಫೈಲುಗಳನ್ನು ಯಾರು ಅತಿ ಹೆಚ್ಚು ತೆಗೆದಿದ್ದಾರೆ ಗೊತ್ತುಂಟಾ? ನಮ್ಮ ಬೆಳ್ತಂಗಡಿಯ ಟೀಚರ್!" ಎಂದರು ಚಿಕ್ಕ ಧನಿಗಳು.

ಟೀಚರ್ ಎಂದರೆ ನಮ್ಮ ಬೆಳ್ತಂಗಡಿ ಶಾಖೆಯನ್ನು ನಡೆಸುವವರು. ಹಿಂದೆ ಲಾಯಿಲದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಮಕ್ಕಳಿಲ್ಲದೆ ಶಾಲೆ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಹೆಸರು ಮಾತ್ರ ಟೀಚರ್ ಎಂದೇ ಉಳಿಯಿತು. ಗಿರಾಕಿಗಳು, ಮೆಕ್ಯಾನಿಕ್ಕುಗಳು, ನಾವು, ಎಲ್ಲರೂ ಹಾಗೆಯೇ ಕರೆಯುವುದು. ಶಾಖೆಯ ಮ್ಯಾನೇಜರು ಕೆಲಸ ಬಿಟ್ಟು ಹೋದಂದಿನಿಂದ ಅವರ ಕೆಲಸವನ್ನೂ ಇವರೇ ಮಾಡುತ್ತಿದ್ದರು. ಇವರನ್ನೇ ಮ್ಯಾನೇಜರ್ ಮಾಡುವ ಆದೇಶವನ್ನು ನಾನೇ ತಯಾರಿಸಿ ಚಿಕ್ಕ ಧನಿಗಳ ಮೇಜಿನ ಮೇಲೆ ಸಹಿಗೆ ಇಟ್ಟಿದ್ದೆ. ಅದು ಅಲ್ಲೇ ಇತ್ತು. ಈಗ ಅದರ ಮೇಲೆ ಪೇಪರ್‌ವೇಟು ಕೂತಿತ್ತು.

"ಹೆಸರು ನೋಡಿ" ಎಂದು ಅವರು ಪರದೆ ತೋರಿಸಿದರು. "ರಜೆ ಅರ್ಜಿ. ಬೆಲ್ಟು ಬೇಕು. ಚಹಾದ ಬಾಬ್ತು. ಹೊರಗಿನಿಂದ ನೋಡಿದರೆ ರಜೆ ಅರ್ಜಿ, ಒಳಗೆ ಅತಿ ಗೋಪ್ಯ. ಎಂಥ ತಲೆ ಮಾರಾಯ್ರೆ!"

"ತೆರೆದು ನೋಡಿದಿರಾ?"

"ನೋಡಿದೆ. ಒಳಗೂ ರಜೆ ಅರ್ಜಿಯೇ ಉಂಟು. ಅಷ್ಟು ಚೆನ್ನಾಗಿ ಅಡಗಿಸಿದ್ದಾರೆ."

ತಜ್ಞರು ತಲೆಯಾಡಿಸಿದರು.

"ಎರಡನೆಯವರು ಯಾರು?" ಎಂದೆ.

ಚಿಕ್ಕ ಧನಿಗಳು ನನ್ನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. "ನೀವು."

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ನಾನು ಬರೆದದ್ದೆಲ್ಲವೂ ನಿರ್ದೇಶಕರು ಮಾತ್ರ ಓದಬೇಕಾದ ದರ್ಜೆಯದು ಎಂದು ಒಂದು ಯಂತ್ರ, ಅದೂ ಬೆಂಗಳೂರಿನದು, ತಾನಾಗಿಯೇ ಗುರುತಿಸಿತ್ತು. ಇಷ್ಟು ವರ್ಷದಲ್ಲಿ ಮನುಷ್ಯರಾರೂ ಗುರುತಿಸಿರಲಿಲ್ಲ. ಆ ಹೆಮ್ಮೆಯಲ್ಲಿ, ನನ್ನ ಫೈಲುಗಳು ಯಾಕೆ ಕೆಂಪಾದವು ಎಂದು ಕೇಳುವುದೇ ಬಿಟ್ಟುಹೋಯಿತು.

"ನೀವೇ ಹೋಗಿ ನೋಡಿಕೊಂಡು ಬನ್ನಿ. ಕಾರು ಬೇಡ, ಕಾರು ಕಂಡರೆ ಅವರಿಗೆ ಗೊತ್ತಾಗ್ತದೆ. ಶನಿವಾರದ ಒಳಗೆ ನನಗೆ ಒಂದು ಮಾತು ಹೇಳಿ. ಹೌದು ಅಂತಾದ್ರೆ ಮ್ಯಾನೇಜರ್ ಪೋಸ್ಟು ಬಿಡಿ, ಕೆಲಸದಿಂದಲೇ ತೆಗೆಯುವುದು."

ಸಂಶಯಿತರ ಪಟ್ಟಿಯ ಎರಡನೆಯವನನ್ನು ಮೊದಲನೆಯವರ ಮೇಲೆ ಬಿಡುವ ಈ ಉಪಾಯ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಮೇಲೆ ಯಾರನ್ನು ಬಿಟ್ಟಿದ್ದಾರೆ ಎನ್ನುವ ಯೋಚನೆ ನನಗೆ ಪುಂಜಾಲಕಟ್ಟೆ ದಾಟುವವರೆಗೂ ಇತ್ತು. ಬಸ್ಸಿನಲ್ಲಿ ಹಿಂದಿನ ಸೀಟಿನ ಒಬ್ಬರು ನಾನು ತಿರುಗಿದಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರು ಮಡಂತ್ಯಾರಿನಲ್ಲಿ ಒಂದು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಇಳಿದ ಮೇಲೆ ಸಮಾಧಾನವಾಯಿತು.

"ಎಂತ ಸರ್, ಹೇಳದೆ ಕೇಳದೆ?" ಶಾಖೆಯ ಮೆಟ್ಟಿಲು ಹತ್ತುತ್ತಿದ್ದಂತೆ ಟೀಚರ್ ಕೇಳಿದರು. "ಅದೂ ಬಸ್ಸಿನಲ್ಲಿ?"

"ಸುಮ್ಮನೆ. ಈ ಕಡೆ ಬರ್ಲಿಕ್ಕಿತ್ತು."

"ಕಂಪನಿ ಕಾರು ಹಾಳಾಗಿದೆಯಾ?"

"ಇಲ್ಲ."

"ಹಾಗಾದ್ರೆ ಯಾರಿಗೂ ಗೊತ್ತಾಗ್ಬಾರದು ಅಂತ ಬಂದದ್ದು" ಎಂದು ತೀರ್ಪು ಕೊಟ್ಟು, "ಕುತ್ಕೊಳ್ಳಿ, ಚಹಾ ತರಿಸ್ತೇನೆ" ಎಂದರು.

ನಾನು ಅವರ ಹಿಂಬದಿಗೆ ಬರುವ ಹಾಗೆ ಒಂದು ಕುರ್ಚಿ ಎಳೆದುಕೊಂಡೆ. ತಕ್ಷಣ ಅವರು ಕಂಪ್ಯೂಟರಿನ ಪರದೆಯನ್ನು ಸ್ವಲ್ಪ ಆಚೆ ತಿರುಗಿಸಿದರು. ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

"ಬಿಸಿಲು ಸರ್, ಬಾಗಿಲಿನಿಂದ ಬೀಳ್ತದೆ" ಎಂದರು ತಿರುಗದೆಯೇ. "ನಿಮಗೆ ನೋಡ್ಲಿಕ್ಕೆ ಉಂಟಾದ್ರೆ ಈಚೆ ಬನ್ನಿ."

ಅಷ್ಟರಲ್ಲಿ ಘಟ್ಟದ ಬುಡದ ಹಳ್ಳಿಯಿಂದ ಒಬ್ಬ ಕೃಷಿಕರು ಜೀಪಿನಲ್ಲಿ ಯಂತ್ರವನ್ನೇ ಹೇರಿಕೊಂಡು ಬಂದರು. ಒಳಗೆ ಬರುವ ಮೊದಲೇ ಅವರ ದೂರು ಬಂತು: "ಟೀಚರೇ, ನಿಮ್ಮ ಮಿಷನು ಅಡಿಕೆ ಸುಲಿಯುವುದಿಲ್ಲ, ಜಗಿಯುತ್ತದೆ!"

"ಸರಿ ಒಣಗದ ಅಡಿಕೆ ಹಾಕಿದ್ರೆ ಅದು ಜಗಿಯದೆ ಎಂತ ಮಾಡ್ತದೆ? ಮೊನ್ನೆ ಫೋನಿನಲ್ಲಿ ಹೇಳಿದ್ದೇನಲ್ಲ, ಇನ್ನೂ ನಾಲ್ಕು ಬಿಸಿಲು ಬೇಕು ಅಂತ."

"ಮೇಲಿನಿಂದ ಒಣಗಿತ್ತು."

"ಮೇಲಿನಿಂದ ನಾವೆಲ್ಲ ಒಣಗಿದ್ದೇವೆ. ಬ್ಲೇಡು ಬಿಡಿಸಿ ಇಡಿ, ನೋಡುವ. ಸುಣ್ಣ ಬೇಕಾದ್ರೆ ಎಲೆಯಡಿಕೆ ತಟ್ಟೆಯಲ್ಲಿ ಉಂಟು, ಮಿಷನಿಗೂ ಸ್ವಲ್ಪ ಕೊಡಿ."

ಕೃಷಿಕರು ನಗುತ್ತ ಬ್ಲೇಡು ಬಿಡಿಸಲು ಹೋದರು. ಗುಟ್ಟು ಮಾರುವವರು ಗಿರಾಕಿಯನ್ನು ಹೀಗೆ ಬೈಯುತ್ತಾರೆಯೇ ಎಂದು ನನಗನ್ನಿಸಿತು. ಬೈಯುವುದೂ ಒಂದು ಮರೆಯಾಗಿರಬಹುದು ಎಂದು ಮತ್ತೆ ಅನ್ನಿಸಿತು.

ಆಮೇಲೆ ಒಬ್ಬ ಮೆಕ್ಯಾನಿಕ್ಕು ಬಂದು ಮನೆಯಲ್ಲಿ ಭೂತಕ್ಕೆ ಪರ್ವ, ಎಂದರೆ ವರ್ಷದ ಪೂಜೆ ಇದೆ, ಎರಡು ದಿನ ರಜೆ ಬೇಕು ಎಂದ. ಟೀಚರ್ ಅವನ ಪರವಾಗಿ ಅರ್ಜಿ ಟೈಪು ಮಾಡಲು ಕೂತರು. ನಾನು ಎದ್ದು ಹತ್ತಿರ ನಿಂತೆ. ಅವರು ಮೊದಲು ಮೂಲದ ಫೈಲನ್ನು ತೆರೆದರು.

ಇಲ್ಲಿ ನಮ್ಮ ಕಂಪನಿಯ ಒಂದು ಸಂಪ್ರದಾಯವನ್ನು ಹೇಳಬೇಕು. ಪ್ರತಿ ಕುಟುಂಬದ ನಾಗನಿಗೆ ಒಂದು ಮೂಲಸ್ಥಾನ ಇರುವಂತೆ ನಮ್ಮ ಕಾಗದಗಳಿಗೂ ಒಂದು ಮೂಲವಿದೆ. ಕಚೇರಿಗೆ ಮೊದಲ ಕಂಪ್ಯೂಟರು ಬಂದಾಗ ಧನಿಗಳು ಅದಕ್ಕೆ ಪೂಜೆ ಮಾಡಿಸಿ, ಮೊದಲು ಟೈಪು ಮಾಡಿಸಿದ್ದೇ ಇಂಜಿನಿಯರರ ಜೊತೆಗಿನ ಅಗ್ರಿಮೆಂಟು. ಇಂಜಿನಿಯರರ ಆ ಅಡಿಕೆ ಯಂತ್ರದಿಂದಲೇ ಕಂಪನಿಗೆ ಏಳಿಗೆಯಾಯಿತು. ಖಾಲಿ ಹಾಳೆಯಲ್ಲಿ ಏನನ್ನೂ ಆರಂಭಿಸಬಾರದು, ಇನ್ನು ಮುಂದೆ ಕಂಪನಿಯ ಪ್ರತಿ ಕಾಗದವೂ ಆ ಫೈಲಿನಿಂದಲೇ ಹುಟ್ಟಬೇಕು ಎಂದು ಧನಿಗಳು ಹೇಳಿದರು. ಹಾಗಾಗಿ ನಾವು ಏನು ಬರೆಯುವುದಿದ್ದರೂ ಮೂಲದ ಫೈಲನ್ನು ತೆರೆದು, ನೆತ್ತಿಯಲ್ಲಿ ನಮ್ಮ ವಿಷಯವನ್ನು ಬರೆದು, ಅಗ್ರಿಮೆಂಟನ್ನು ಎಂಟರ್ ಒತ್ತಿ ಒತ್ತಿ ಎರಡನೇ ಪುಟಕ್ಕೆ ದಬ್ಬಿ, ಬೇರೆ ಹೆಸರಿನಲ್ಲಿ ಉಳಿಸುತ್ತೇವೆ. ಅಳಿಸುವ ಧೈರ್ಯ ಯಾರಿಗೂ ಇಲ್ಲ. ಮೂಲವನ್ನು ಅಳಿಸಿ ಒಳ್ಳೆಯದಾದವರು ನಮ್ಮ ಕಡೆ ಯಾರಿದ್ದಾರೆ? ಪ್ರಿಂಟು ಕೊಡುವಾಗ ಒಂದನೇ ಪುಟ ಮಾತ್ರ. ಹೊಸಬರು ಕೆಲಸಕ್ಕೆ ಸೇರಿದ ದಿನ ಕಲಿಯುವ ಮೊದಲ ಪಾಠವೇ ಇದು. ಅಗ್ರಿಮೆಂಟು ಇಂಗ್ಲಿಷಿನಲ್ಲಿದ್ದುದರಿಂದ ಅದನ್ನು ಯಾರೂ ಓದುವ ಪ್ರಮೇಯವೂ ಇರಲಿಲ್ಲ.

ಟೀಚರ್ ಅರ್ಜಿ ಬರೆದರು, ದಬ್ಬಿದರು, ಒಂದನೇ ಪುಟ ಪ್ರಿಂಟು ತೆಗೆದರು. ಮೆಕ್ಯಾನಿಕ್ಕು ಸಹಿ ಹಾಕಿದ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಸಂಶಯ ಪಡುವಂಥದ್ದು ಏನೂ ಕಾಣಲಿಲ್ಲ. ನಾವೆಲ್ಲ ದಿನಾಲೂ ಮಾಡುವುದು ಅದನ್ನೇ.

ಚಹಾ ಬಂತು, ಜೊತೆಗೆ ಬನ್ಸು. ಟೀಚರ್ ನನ್ನ ಎದುರು ಕುರ್ಚಿ ಹಾಕಿಕೊಂಡು ಕೂತರು; ಶಾಲೆಯಲ್ಲಿ ಮಕ್ಕಳನ್ನು ಹೀಗೇ ಕೂರಿಸಿಕೊಳ್ಳುತ್ತಿದ್ದರೇನೋ.

"ಹೇಳಿ ಸರ್. ನನ್ನ ಮೇಲೆ ಎಂತದೋ ಉಂಟು."

ಹೇಳಬಾರದೆಂದು ಹೋದವನು ಹೇಳಿದೆ. ಮದುವೆಯ ಊಟ, ಕೆಂಪು ಬಣ್ಣ, ಪಟ್ಟಿ, ಶನಿವಾರ. ಯಾವ ಗುಟ್ಟು ಎಂಬುದನ್ನು ಮಾತ್ರ ಬಿಟ್ಟು, "ಮೂಡುಬಿದಿರೆಯ ಒಂದು ವಿಚಾರ" ಎಂದೆ.

"ನನ್ನ ರಜೆ ಅರ್ಜಿ ಕೆಂಪು. ನಿಮ್ಮದು?"

"ನನ್ನದೂ ಕೆಂಪೇ."

"ಮತ್ತೆ ನಿಮ್ಮನ್ನು ನೋಡ್ಲಿಕ್ಕೆ ಯಾರು ಬರ್ತಾರೆ?"

ನಾನು ಬನ್ಸು ತಿಂದೆ.

"ಮ್ಯಾನೇಜರ್ ಪೋಸ್ಟು ಕೊಡದಿದ್ರೆ ಬೇಡ ಸರ್" ಎಂದರು ಅವರು. ದನಿ ಸ್ವಲ್ಪ ಇಳಿದಿತ್ತು. "ಆದರೆ ಕದ್ದವಳು ಅಂತ ಕಳಿಸಿದ್ರೆ ನಾನು ಈ ಊರಲ್ಲಿ ಬಸ್ಸು ಹತ್ತುವುದು ಹೇಗೆ? ಬಸ್ಸಿನಲ್ಲಿ ಅರ್ಧ ಜನ ನನ್ನ ಹತ್ರ ಕಲಿತವರು. ಕಂಡಕ್ಟರ್ ಸಮೇತ. ಸುಳ್ಳು ಹೇಳಬಾರದು ಅಂತ ಅವನ ಕಿವಿ ಹಿಂಡಿದ್ದೇನೆ." ಎದ್ದು ಲೋಟ ತೆಗೆದರು. "ಒಂದು ಹೇಳ್ತೇನೆ. ಮೂಡುಬಿದಿರೆಯ ಗುಟ್ಟಾದ್ರೆ ಬೆಳ್ತಂಗಡಿಯಲ್ಲಿ ಯಾಕೆ ಹುಡುಕ್ತೀರಿ? ಗುರುವಾಯನಕೆರೆಯಿಂದ ಬಸ್ಸು ಉಂಟಲ್ಲ."

ನನಗೆ ಇದು ಹೊಳೆದಿರಲಿಲ್ಲವೆಂದಲ್ಲ. ಗುಟ್ಟು ಗೊತ್ತಿದ್ದವರಲ್ಲಿ ಇಂಜಿನಿಯರರೂ ಒಬ್ಬರು. ಅವರೇ ಎದುರಾಳಿಗೆ ಹೇಳಿ ಬೆಲೆ ಏರಿಸಿಕೊಳ್ಳುತ್ತಿರಬಹುದು. ಆದರೆ ತನ್ನ ಮೇಲಿನ ಸಂಶಯವನ್ನು ಇನ್ನೊಬ್ಬರ ಮೇಲೆ ಇಷ್ಟು ಸುಲಭವಾಗಿ ಸಾಗಹಾಕಿದ ಟೀಚರ್ ಬಗ್ಗೆ ನನ್ನ ಸಂಶಯ ಕಡಿಮೆಯಾಗಲಿಲ್ಲ. ಎರಡು ಸಂಶಯಗಳನ್ನೂ ಹೊತ್ತುಕೊಂಡು ಮರುದಿನ ವೇಣೂರು ದಾರಿಯ ಬಸ್ಸು ಹತ್ತಿದೆ.

ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಮಕ್ಕಳು ಕರ್ನಾಟಕದಲ್ಲಿರುವಷ್ಟೂ ಬಗೆಯ ಕನ್ನಡವನ್ನು ಒಟ್ಟಿಗೆ ಮಾತಾಡುತ್ತಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ರಿಕ್ಷಾ ಹಿಡಿದು ವರ್ಕ್‌ಶಾಪಿಗೆ ಹೋದೆ. ಇಂಜಿನಿಯರರು ಒಂದು ಯಂತ್ರದ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದರು.

"ಧನಿಗಳು ಕಳಿಸಿದ್ದಾ, ಅಳಿಯ ಕಳಿಸಿದ್ದಾ?"

"ಯಾರೂ ಕಳಿಸಿದ್ದಲ್ಲ. ಬ್ಲೇಡಿನ ವಿಷಯ ಮಾತಾಡುವ ಅಂತ."

"ಹಾಗಾದ್ರೆ ಅಳಿಯ." ಅವರು ಕೈಯನ್ನು ಹೊರಗೆ ತೆಗೆದು ಹಳೇ ಬನಿಯನಿನ ತುಂಡಿನಲ್ಲಿ ಒರೆಸಿಕೊಂಡರು. "ಬ್ಲೇಡಿಗೆ ಎಂತ ಆಗಿದೆ?"

"ಬ್ಲೇಡಿಗೆ ಏನೂ ಆಗಿಲ್ಲ" ಎಂದೆ. ಸುತ್ತಿ ಬಳಸಿ ಕೇಳುವ ನನ್ನ ಪ್ರತಿಭೆ ಅಲ್ಲಿಗೆ ಮುಗಿಯಿತು. "ಮಾರ್ಚಿನ ವಿಷಯ ಹೊರಗೆ ಹೋಗಿದೆ. ನೀವು ಯಾರ ಹತ್ತಿರವಾದರೂ..."

"ನಾನು?" ಅವರು ಬಟ್ಟೆಯನ್ನು ಯಂತ್ರದ ಮೇಲೆ ಎಸೆದರು. "ಒಳ್ಳೆ ಕಥೆ ಮಾರಾಯ್ರೆ! ಅಗ್ರಿಮೆಂಟನ್ನು ಊರಿಗೆಲ್ಲ ಹಂಚಿದ್ದು ನೀವು. ಈಗ ನನ್ನ ಹತ್ರ ಗುಟ್ಟು ಕೇಳ್ಲಿಕ್ಕೆ ಬಂದಿದ್ದೀರಾ?"

"ನಾವು ಹಂಚಿದ್ದಾ?"

ಅವರು ಫೋನು ತೆಗೆದು, ಎಣ್ಣೆ ಬೆರಳು ತಾಗದಂತೆ ಗೆಣ್ಣಿನಲ್ಲಿ ಒತ್ತಿ ಒಂದು ಫೈಲನ್ನು ನನ್ನ ಮುಂದೆ ಹಿಡಿದರು. "ನಿಮ್ಮ ಎದುರಾಳಿಯವರು ಕಳಿಸಿದ್ದು. ಇದು ನನ್ನದೇ ಅಗ್ರಿಮೆಂಟಲ್ಲವಾ ಅಂತ ಕೇಳಿಕೊಂಡು."

ಒಂದನೇ ಪುಟದಲ್ಲಿ ನಮ್ಮ ಕಂಪನಿಯ ಕೊಟೇಶನ್ನು. ಒಬ್ಬ ಕೃಷಿಕರ ಹೆಸರಿಗೆ ಒಂದು ಯಂತ್ರಕ್ಕೆ ಬೆಲ್ಟು, ಮೋಟಾರು ಸಮೇತ ದರ ಬರೆದದ್ದು. ಕೊನೆಗೆ ಚಿಕ್ಕ ಧನಿಗಳ ಸಹಿಯ ಚಿತ್ರ. ಆಮೇಲೆ ಖಾಲಿ. ನಾನು ಬೆರಳಿನಿಂದ ಮೇಲೆ ಸರಿಸುತ್ತ ಹೋದೆ. ಖಾಲಿ, ಖಾಲಿ, ಯಾರೋ ಎಂಟರ್ ಒತ್ತಿ ಒತ್ತಿ ದಬ್ಬಿದ ಖಾಲಿ. ಅದು ಮುಗಿದದ್ದೇ, ಎರಡನೇ ಪುಟದಿಂದ ಕೊನೆಯವರೆಗೆ ಅಗ್ರಿಮೆಂಟು. ಪಾಲು, ಅವಧಿ, ಮಾರ್ಚು, ಎಲ್ಲ.

ಪ್ರಿಂಟು ಮಾಡಿ ಕೈಗೆ ಕೊಡುವ ಕಾಲದಲ್ಲಿ ಒಂದನೇ ಪುಟ ಮಾತ್ರ ಎನ್ನುವ ಪಾಠ ನಮ್ಮನ್ನು ಕಾಪಾಡಿತ್ತು. ಗಿರಾಕಿಗಳು ಫೈಲನ್ನೇ ಕಳಿಸಿ ಎನ್ನಲು ಶುರು ಮಾಡಿದ ಮೇಲೆ ನಾವು ಫೈಲನ್ನೇ ಕಳಿಸಿದೆವು. ಕೆಳಗೆ ದಬ್ಬಿದ್ದನ್ನು ಇಲ್ಲವೆಂದೇ ತಿಳಿಯುವುದು ನಮಗೆ ಅಷ್ಟು ಅಭ್ಯಾಸವಾಗಿತ್ತು. ಎದುರಾಳಿಗಳು ಯಾರೋ ಕೃಷಿಕರ ಹೆಸರಿನಲ್ಲಿ ನಮ್ಮ ದರ ತಿಳಿಯಲು ಕೊಟೇಶನ್ನು ತರಿಸಿದ್ದರು. ಕೇಳಿದ್ದು ದರ, ಸಿಕ್ಕಿದ್ದು ಕಂಪನಿಯ ಜಾತಕ.

ಇಂಜಿನಿಯರರಿಗೆ ಮೂಲದ ಫೈಲಿನ ಸಂಪ್ರದಾಯವನ್ನು ವಿವರಿಸಿದೆ. ಅವರು ಕೊನೆಯವರೆಗೆ ಕೇಳಿದರು.

"ಅಂದ್ರೆ ನೀವು ಚಹಾದ ಬಿಲ್ಲಿನ ಹಿಂದೆಯೂ ನನ್ನ ಪಾಲೆಷ್ಟು ಅಂತ ಬರೆದಿಟ್ಟಿದ್ದೀರಿ."

"ಬರೆದದ್ದಲ್ಲ. ಅಳಿಸಲಿಲ್ಲ."

"ನಾನು ಎಂತ ತಿಳಿದಿದ್ದೆ ಗೊತ್ತುಂಟಾ? ನನ್ನ ಮರ್ಯಾದೆ ತೆಗೀಲಿಕ್ಕೆ ಅಳಿಯ ಬೇಕಂತಲೇ ಹಂಚಿದ್ದು ಅಂತ." ಅವರು ಮತ್ತೆ ಯಂತ್ರದ ಕಡೆಗೆ ತಿರುಗಿದರು. "ಈಗ ಗೊತ್ತಾಯ್ತು, ಬೇಕಂತ ಅಲ್ಲ. ಅದು ಇನ್ನೂ ಭಯದ ಸಂಗತಿ."

ಆ ಫೈಲನ್ನು ಅವರ ಫೋನಿನಿಂದ ನನ್ನ ಫೋನಿಗೆ ಕಳಿಸಿಕೊಂಡೆ. ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಕೂತು, ಹಿಂದೆ ನಾನೇ ಕಚೇರಿಗೆ ಕಳಿಸಿದ್ದ ಒಂದು ರಜೆ ಅರ್ಜಿಯನ್ನು ಹುಡುಕಿ ತೆಗೆದೆ. ಕೆಳಗೆ ಸರಿಸಿದೆ. ಇತ್ತು. ಆ ಸಾಫ್ಟ್‌ವೇರು ಒಂದಿಷ್ಟೂ ತಪ್ಪು ಮಾಡಿರಲಿಲ್ಲ. ನಮ್ಮ ಕಂಪನಿಯ ಇತಿಹಾಸದಲ್ಲೇ ಎರಡನೇ ಪುಟವನ್ನು ಓದಿದ ಮೊದಲ ನೌಕರ ಅದು. ನನ್ನ ಬರವಣಿಗೆ ಉನ್ನತ ದರ್ಜೆಯದು ಎಂದುಕೊಂಡಿದ್ದ ಹೆಮ್ಮೆಯನ್ನು ಬಂಟ್ವಾಳ ಪೇಟೆ ಬರುವಷ್ಟರಲ್ಲಿ ಇಳಿಸಿಕೊಂಡೆ.

ಶನಿವಾರ ಚಿಕ್ಕ ಧನಿಗಳ ಕೋಣೆಯಲ್ಲಿ ಧನಿಗಳೂ ಇದ್ದರು. ನಾನೇ ಬರಹೇಳಿದ್ದೆ, ಚಿಕ್ಕ ಧನಿಗಳ ಎದುರು ಒಬ್ಬನೇ ನಿಂತು ಹೇಳುವ ವಿಷಯ ಅದಾಗಿರಲಿಲ್ಲ. ತಜ್ಞರು ಮೂಲೆಯಲ್ಲೇ ಇದ್ದರು.

"ಟೀಚರ್ ಹೌದಾ, ಅಲ್ಲವಾ?" ಎಂದರು ಚಿಕ್ಕ ಧನಿಗಳು.

"ಅಲ್ಲ" ಎಂದು ಫೋನನ್ನು ಮೇಜಿನ ಮೇಲಿಟ್ಟೆ. "ಹೊರಗೆ ಹೋದದ್ದು ಹೀಗೆ."

ಅವರು ನೋಡಿದರು. ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಒಂದನೇ ಪುಟದ ಕೊನೆಯಲ್ಲಿ ಬಹಳ ಹೊತ್ತು ನಿಂತರು.

"ನನ್ನ ಸಹಿಯನ್ನು ಯಾರೋ ಹಾಕಿರಬಹುದು."

ತಜ್ಞರು ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿದರು. "ಸರ್, ನಿಮ್ಮ ಮೇಲ್‌ನಲ್ಲೇ ಇದೆ. ನೀವೇ ಕಳಿಸಿರೋದು."

"ನಿಮ್ಮ ಸಿಸ್ಟಮು ಯಾಕೆ ತಡೆಯಲಿಲ್ಲ?"

"ಆಗ ನಾವಿನ್ನೂ ಬಂದಿರಲಿಲ್ಲ ಸರ್. ಈಗ ಕಳಿಸಿದ್ರೂ ತಡೆಯಲ್ಲ. ನೀವು ಡೈರೆಕ್ಟರ್."

ಧನಿಗಳು ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂತೆಂದು ತಿಳಿದಿದ್ದೆವು.

"ಎರಡನೇ ಪುಟ ನೋಡುವವನು ಊರಲ್ಲಿ ಒಬ್ಬನಾದರೂ ಇದ್ದನಲ್ಲ" ಎಂದರು ಅವರು. "ಅವನನ್ನು ನಾವು ಕೆಲಸಕ್ಕೆ ಇಟ್ಟುಕೊಳ್ಳಬೇಕಿತ್ತು."

"ಮಾವ, ಇದೆಲ್ಲ ಆದದ್ದು ನಿಮ್ಮ ಮೂಲದ ಫೈಲಿನಿಂದ."

"ಮೂಲ ಎಂತ ಮಾಡ್ತದೆ ಮಾರಾಯ? ಅದು ಇದ್ದಲ್ಲೇ ಇತ್ತು. ಕೊಂಡುಹೋಗಿ ಕೊಟ್ಟದ್ದು ನೀನು."

ತಜ್ಞರು ಮಧ್ಯೆ ಬಂದು, ಒಂದೇ ಸಲಕ್ಕೆ ಎಲ್ಲ ಫೈಲುಗಳಿಂದಲೂ ಆ ಭಾಗವನ್ನು ಅಳಿಸಿಬಿಡಬಹುದು, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದರು. ಧನಿಗಳು ಕಣ್ಣು ಬಿಟ್ಟು ಅವರನ್ನು ನೋಡಿದರು. ಮೂಲಕ್ಕೆ ಕೈ ಹಾಕುವ ಮೊದಲು ಪ್ರಶ್ನೆ ಇಡಿಸಬೇಕು, ಜೋಯಿಸರು ಬರಬೇಕು, ಅವರು ಹೂಂ ಎಂದರೆ ನೋಡುವ ಎಂದರು. ಪ್ರಶ್ನೆ ಎಂದರೆ ಏನೆಂದು ತಜ್ಞರು ನನ್ನನ್ನು ಕೇಳಿದರು. ಕವಡೆ ಇಟ್ಟು ಮಾಡುವ ಒಂದು ಬಗೆಯ ತಪಾಸಣೆ ಎಂದೆ. ಅವರು ಬರೆದುಕೊಂಡರು. ಅಲ್ಲಿಯವರೆಗೆ ಕೆಲಸ ನಿಲ್ಲಬಾರದೆಂದು, ಕೆಂಪು ಫೈಲು ತೆರೆಯುವ ಅನುಮತಿಯನ್ನು ಕಂಪನಿಯ ಎಲ್ಲರಿಗೂ ಕೊಡುವುದೆಂದು ತೀರ್ಮಾನವಾಯಿತು. ಆ ಅನುಮತಿ ಈಗಲೂ ಇದೆ.

ಧನಿಗಳು ಎದ್ದು ಹೋದ ಮೇಲೆ ಚಿಕ್ಕ ಧನಿಗಳು ನನ್ನನ್ನು ನಿಲ್ಲಿಸಿದರು.

"ಕೊಟೇಶನ್ನು ನಾನು ಕಳಿಸಿದ್ದು ಅಂತ ಟೀಚರ್‌ಗೆ ಗೊತ್ತುಂಟಾ?"

ಮೂಡುಬಿದಿರೆಯಿಂದ ಬಂದ ಸಂಜೆಯೇ ನಾನು ಟೀಚರ್‌ಗೆ ಫೋನು ಮಾಡಿದ್ದೆ. ಸಂಶಯ ಹೊತ್ತುಕೊಂಡಿದ್ದವರಿಗೆ ಅದು ಇಳಿದದ್ದು ಗೊತ್ತಾಗಬೇಡವೇ? "ಗೊತ್ತುಂಟು" ಎಂದೆ.

"ಎಷ್ಟು ಗೊತ್ತುಂಟು?"

"ಎಲ್ಲ."

"ಅವರು ಎಂತ ಹೇಳಿದ್ರು?"

"'ಹೌದಾ' ಅಂದ್ರು."

"ಬರೇ ಹೌದಾ?"

"ಬರೇ ಹೌದಾ."

ಚಿಕ್ಕ ಧನಿಗಳ ಮುಖದಲ್ಲಿ ಸಂಶಯ ಪೂರ್ತಿಯಾಗಿ ಮರಳಿ ಬಂತು. ಕೂಗಾಡಿದ್ದರೆ, ಅತ್ತಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಹೌದಾ ಎನ್ನುವವರನ್ನು ಏನು ಮಾಡುವುದು? ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಕೆಳಗಿನ ಹೆದ್ದಾರಿಯನ್ನು ನೋಡುತ್ತ ನಿಂತರು.

"ಇಷ್ಟು ಗೊತ್ತಿರುವವರನ್ನು ಹೊರಗೆ ಬಿಡುವುದು ಅಪಾಯ" ಎಂದರು, ಹೆಚ್ಚು ಕಡಿಮೆ ತಮಗೇ ಹೇಳಿಕೊಂಡ ಹಾಗೆ. "ಸಿಟ್ಟು ಬರಿಸುವುದೂ ಅಪಾಯ. ಒಳಗೇ ಇರಲಿ, ಕಣ್ಣೆದುರು."

ಪೇಪರ್‌ವೇಟನ್ನು ಆಚೆ ಇಟ್ಟರು. ಆದೇಶವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಸಹಿ ಹಾಕಿದರು. ಇಷ್ಟು ವರ್ಷ ಸಂಶಯದ ಮೇಲೆ ಬದುಕಿದ ನಾನು, ಅದು ಒಬ್ಬರಿಗೆ ಬಡ್ತಿ ಕೊಡಿಸಿದ್ದನ್ನು ಕಂಡದ್ದು ಅದೇ ಮೊದಲು.

ಮಾರ್ಚಿನಲ್ಲಿ ಇಂಜಿನಿಯರರು ನಮ್ಮ ಅಗ್ರಿಮೆಂಟನ್ನು ಮುಂದುವರಿಸಲಿಲ್ಲ. ಎದುರಾಳಿ ಕಂಪನಿಯ ಜೊತೆ ಸಹಿ ಹಾಕಿದರು. ನಾವು ಈಗ ಬೇರೆ ಊರಿನಿಂದ ತರಿಸಿದ ಯಂತ್ರವನ್ನು ಮಾರುತ್ತೇವೆ. ಬೆಳ್ತಂಗಡಿ ಶಾಖೆಗೆ ಟೀಚರ್ ಮ್ಯಾನೇಜರ್ ಆಗಿದ್ದಾರೆ.